ಕಡಲಾಚೆಯ ಊರು, ಕೈಗೂಸಿನ ಹೊಣೆ

ಕಳೆದ ಚಾತುರ್ಮಾಸ್ಯದ ಒಂದು ಸಂಜೆ ನಮ್ಮ ಶಾಖಾಮಠದಲ್ಲಿ ಪ್ರವಚನ ಮುಗಿದು, ಮಂಗಳಾರತಿಯಾಗಿ, ಭಕ್ತರು ಮಂತ್ರಾಕ್ಷತೆಗಾಗಿ ಸಾಲು ಹಿಡಿದು ನಿಂತಿದ್ದ ಹೊತ್ತು. ಕಂಕುಳಲ್ಲಿ ಕೂಸನ್ನೆತ್ತಿಕೊಂಡಿದ್ದ ತರುಣ ದಂಪತಿಗಳು ನನ್ನ ಬಳಿಗೆ ಬಂದು, "ಕಾಕಾ, ನಿಮ್ಮ ಮಗ ಸಣ್ಣ ಹುಡುಗರನ್ನ ಕರ್ಕೊಂಡು ಆಫ್ರಿಕಾಕ್ಕ ಹೋಗ್ಯಾರಂತಲ್ರೀ. ನಮಗೂ ದಾರ್ ಎಸ್ ಸಲಾಮಿನಾಗ ಕೆಲಸ ಬಂದದ. ಹೋಗೂದು ತಪ್ಪೋ ಸರಿಯೋ, ನೀವರೆ ಹೇಳ್ರಿ" ಎಂದು ಕೇಳಿದರು. ಸಾಲು ಮುಂದೆ ಸರಿಯುತ್ತಿತ್ತು. ನಾನು "ದೇವರಿದ್ದಾನೆ, ನೋಡಿಕೊಳ್ಳುತ್ತಾನೆ" ಎಂದು ಏನೋ ಒಂದು ಉತ್ತರ ಕೊಟ್ಟು ಕೈತೊಳೆದುಕೊಂಡೆ. ಮನೆಗೆ ಬಂದ ಮೇಲೆ ಆ ಉತ್ತರ ನನ್ನನ್ನೇ ಚುಚ್ಚತೊಡಗಿತು. ದೇವರ ಹೆಸರನ್ನು ಹೇಳಿ ಪ್ರಶ್ನೆಯಿಂದ ಪಾರಾಗುವುದು ಭಕ್ತಿಯಲ್ಲ, ಆಲಸ್ಯ. ಅವರು ಕೇಳಿದ ಪ್ರಶ್ನೆ ಇಂದು ಪುಣೆ, ಮುಂಬಯಿ, ಚೆನ್ನೈ, ಹೈದರಾಬಾದುಗಳಲ್ಲಿರುವ ನಮ್ಮ ಎಷ್ಟೋ ಮನೆಗಳ ಪ್ರಶ್ನೆಯಾಗಿರುವುದರಿಂದ, ಅಂದು ಕೊಡಲಾಗದ ಉತ್ತರವನ್ನು ಇಲ್ಲಿ ವಾಚಕರೆಲ್ಲರ ಸಮಕ್ಷಮದಲ್ಲಿ ಕೊಡಲು ಯತ್ನಿಸುತ್ತೇನೆ.

ಇಂಥ ಮಾತು ಬಂದೊಡನೆ ಹಿರಿಯರಾದ ನಾವು ಮೊದಲು ತೆಗೆಯುವುದು ಸಮುದ್ರಯಾನದ ನಿಷೇಧವನ್ನು. ಬೌಧಾಯನ ಧರ್ಮಸೂತ್ರವು ಒಂದೆಡೆ ಸಮುದ್ರಯಾನವನ್ನು ಉತ್ತರದೇಶದವರ ವಿಶಿಷ್ಟ ಆಚಾರಗಳಲ್ಲಿ ಒಂದೆಂದು ಎಣಿಸುತ್ತದೆ. ಇನ್ನೊಂದೆಡೆ ಪತನಕ್ಕೆ ಕಾರಣವಾಗುವ ಕರ್ಮಗಳ ಸಾಲಿನಲ್ಲಿ ಅದನ್ನೇ ಹೇಳಿ ಪ್ರಾಯಶ್ಚಿತ್ತವನ್ನೂ ವಿಧಿಸುತ್ತದೆ. ಮುಂದಿನ ನಿಬಂಧಕಾರರು ಅದನ್ನು ಕಲಿವರ್ಜ್ಯಗಳಲ್ಲಿ ಸೇರಿಸಿದರು. ವಿದೇಶಯಾತ್ರೆ ಮಾಡಿದ ಯತಿಗಳು ಶ್ರೀಕೃಷ್ಣನನ್ನು ಮುಟ್ಟಿ ಪೂಜಿಸಬಹುದೇ ಎಂಬ ಪ್ರಶ್ನೆ 2008ರ ಉಡುಪಿಯ ಪರ್ಯಾಯದ ಸಂದರ್ಭದಲ್ಲಿ ಎಷ್ಟು ಚರ್ಚೆಗೆ ಬಂದಿತೆಂಬುದು ಎಲ್ಲರಿಗೂ ನೆನಪಿದೆ. ಯತಿಧರ್ಮದ ವಿಷಯದಲ್ಲಿ ಮಾತನಾಡುವ ಅಧಿಕಾರ ನನಗಿಲ್ಲ. ಅದನ್ನು ಪೀಠಗಳು ನೋಡಿಕೊಳ್ಳುತ್ತವೆ. ಗೃಹಸ್ಥರ ಮಟ್ಟಿಗೆ ಮಾತ್ರ ಒಂದನ್ನು ಹೇಳಬಲ್ಲೆ. ದ್ವಾರಕೆಯಿಂದ ಹಡಗಿನಲ್ಲಿ ಗೋಪೀಚಂದನದ ಗಡ್ಡೆಯೊಳಗೆ ಕುಳಿತು ಮಲ್ಪೆಯ ಕಡಲತೀರಕ್ಕೆ ಬಂದ ದೇವರನ್ನು ನಾವು ಆರಾಧಿಸುತ್ತೇವೆ. ಆ ಹಡಗನ್ನು ಬಿರುಗಾಳಿಯಿಂದ ಪಾರುಮಾಡಿದ ಶ್ರೀಮದಾಚಾರ್ಯರು ನಾವಿಕನನ್ನು ಹಳಿದರೆಂದು ಯಾರೂ ಹೇಳಿಲ್ಲ. ಹೀಗೆಂದು ನಿಷೇಧವಾಕ್ಯಗಳು ಸುಳ್ಳಾಗುವುದಿಲ್ಲ. ಆದರೆ ನಮ್ಮ ಮನೆಗಳಲ್ಲಿ ಆ ವಾಕ್ಯಗಳು ಹೊರಬರುವ ಸಮಯವನ್ನು ನೋಡಿದರೆ, ಅವುಗಳನ್ನು ಆಡಿಸುವುದು ಶಾಸ್ತ್ರಶ್ರದ್ಧೆಯೋ ಮತ್ತಾವುದೋ ಎಂಬ ಸಂಶಯ ಬಾರದಿರದು.

ನನ್ನ ಅನುಭವವನ್ನೇ ಹೇಳುತ್ತೇನೆ. 2022ರ ಆರಂಭದಲ್ಲಿ ಮಗನು ಕೆನ್ಯಾ ದೇಶದ ಮೊಂಬಾಸಾ ಬಂದರಿನಲ್ಲಿ ಲೆಕ್ಕಪತ್ರದ ಕೆಲಸ ಸಿಕ್ಕಿದೆಯೆಂದೂ, ಹೆಂಡತಿಯನ್ನೂ ಐದು ವರ್ಷದ ಮಗಳನ್ನೂ ಎರಡು ತುಂಬದ ಮಗನನ್ನೂ ಕರೆದುಕೊಂಡು ಹೋಗುವನೆಂದೂ ತಿಳಿಸಿದಾಗ, ನಾನು ಎದ್ದುಹೋಗಿ ಕಪಾಟಿನಿಂದ ಗ್ರಂಥಗಳನ್ನು ತೆಗೆದೆ. ಮೂರು ದಿನ ವಾದಿಸಿದೆ. ನಾಲ್ಕನೆಯ ದಿನ ನನ್ನ ಮನೆಯಾಕೆ ತರಕಾರಿ ಹೆಚ್ಚುತ್ತ, ತಲೆಯೆತ್ತದೆ, "ನೀವು ಶಾಸ್ತ್ರ ಹೇಳ್ಲಿಕ್ಕತ್ತೀರೋ, ನಿಮ್ಮ ಸಂಕಟ ಹೇಳ್ಲಿಕ್ಕತ್ತೀರೋ?" ಎಂದು ಕೇಳಿದಳು. ನನಗೆ ಉತ್ತರ ಹೊಳೆಯಲಿಲ್ಲ. ಮೊಮ್ಮಕ್ಕಳಿಲ್ಲದ ಮನೆಯಲ್ಲಿ ಸಂಜೆಗಳನ್ನು ಕಳೆಯುವುದು ಹೇಗೆಂಬ ಭಯವೇ ಬೌಧಾಯನರ ವೇಷ ತೊಟ್ಟು ಮಾತನಾಡುತ್ತಿತ್ತು. ಸಂಕಟ ಪಡುವುದು ಪಾಪವಲ್ಲ. ಸಂಕಟಕ್ಕೆ ಶಾಸ್ತ್ರದ ಮುದ್ರೆಯೊತ್ತಿ ಮಕ್ಕಳ ಮೇಲೆ ಪ್ರಯೋಗಿಸುವುದು ಮಾತ್ರ ಶಾಸ್ತ್ರಕ್ಕೂ ಮಾಡಿದ ಅಪಚಾರ.

ಇನ್ನೊಂದು ಕಾರಣದಿಂದಲೂ ನನ್ನ ಬಾಯಿ ಕಟ್ಟಿತು. ನಾನೂ ಊರು ಬಿಟ್ಟವನೇ. 1974ರಲ್ಲಿ ಧಾರವಾಡದಿಂದ ಪುಣೆಗೆ ಹೊರಟಾಗ ಮಿರಜದವರೆಗೆ ಮೀಟರ್ ಗೇಜ್ ಗಾಡಿ. ಅಲ್ಲಿ ಇಳಿದು, ಟ್ರಂಕು ಹೊತ್ತು, ಬ್ರಾಡ್ ಗೇಜ್ ಗಾಡಿ ಹತ್ತಬೇಕಾಗಿತ್ತು. ನನ್ನನ್ನು ಕಳುಹಿಸಲು ಸ್ಟೇಶನ್ನಿಗೆ ಬಂದಿದ್ದ ತಂದೆಯವರು, "ಮಿರಜ ದಾಟಿದರ ಮನೀನೂ ದಾಟಿಧಂಗ, ನೆನಪಿಟ್ಕೋ" ಎಂದಿದ್ದರು. ಅಂದು ಆ ಮಾತು ನನಗೆ ಹಳ್ಳಿಗರ ಅತಿಶಯೋಕ್ತಿಯೆನಿಸಿತು. 1981ರಲ್ಲಿ ತಾಯಿ ತೀರಿಕೊಂಡ ತಂತಿ ಕೈಸೇರಿ ನಾನು ಧಾರವಾಡ ಮುಟ್ಟುವ ಹೊತ್ತಿಗೆ ದಹನಸಂಸ್ಕಾರ ಮುಗಿದಿತ್ತು. ನಾನ್ನೂರು ಕಿಲೋಮೀಟರ್ ಚಿಲ್ಲರೆಯ ದಾರಿಯೂ ಸಾಕಾಗುವಷ್ಟು ದೂರವೆಂದು ಆ ದಿನ ತಿಳಿಯಿತು. ಹಾಗಿರುವಲ್ಲಿ, ನಾಲ್ಕು ಸಾವಿರ ಕಿಲೋಮೀಟರಿಗೂ ಮೀರಿದ ದೂರಕ್ಕೆ ಹೊರಟವನಿಗೆ ನಾನು ಯಾವ ಮುಖದಿಂದ ಬೇಡವೆನ್ನಲಿ?

ಆದರೆ "ನೀವು ಹೋಗಲಿಲ್ಲವೇ, ನಾವೂ ಹೋಗುತ್ತೇವೆ" ಎಂಬ ವಾದ ಕೇಳಲು ಚೆನ್ನಾಗಿದ್ದರೂ ಪೂರ್ಣವಾದುದಲ್ಲ. ನಾನು ಹೊರಟಾಗ ಇಪ್ಪತ್ತನಾಲ್ಕು ವರ್ಷದವನು. ಬಂದ ಕಷ್ಟ ನನ್ನದೇ ಆಯ್ಕೆಯ ಫಲ. ಎರಡು ವರ್ಷದ ಕೂಸು ಹೊರಡುವುದಿಲ್ಲ, ಒಯ್ಯಲ್ಪಡುತ್ತದೆ. ಸೊಳ್ಳೆ ಕಚ್ಚುವುದು ಅದಕ್ಕೆ. ಸಂಬಳ ಬರುವುದು ತಂದೆಗೆ. ಧರ್ಮಪ್ರಶ್ನೆ ಹುಟ್ಟುವುದು ಇಲ್ಲಿ. ತನ್ನ ಒಪ್ಪಿಗೆಯನ್ನು ಹೇಳಲಾರದ ಇನ್ನೊಂದು ಜೀವವನ್ನು ಅಪಾಯವಿರುವ ಸ್ಥಳಕ್ಕೆ ಕೊಂಡೊಯ್ಯುವ ಅಧಿಕಾರ ತಂದೆತಾಯಿಗಳಿಗೆ ಎಲ್ಲಿಂದ ಬಂದಿತು?

ನಮ್ಮ ಸಿದ್ಧಾಂತವು ಈ ಪ್ರಶ್ನೆಯನ್ನು ಸುಲಭಗೊಳಿಸುವುದಿಲ್ಲ, ಇನ್ನಷ್ಟು ಹರಿತಗೊಳಿಸುತ್ತದೆ. ಪಂಚಭೇದಗಳಲ್ಲಿ ಜೀವ-ಜೀವರ ಭೇದವೂ ಒಂದು. ಅದನ್ನು ನಾವು ವಾಕ್ಯಾರ್ಥಸಭೆಯಲ್ಲಿ ಇತರ ಮತದವರನ್ನು ಖಂಡಿಸುವಾಗ ಹೇಳುತ್ತೇವೆ, ಮನೆಗೆ ಬಂದು ಮಕ್ಕಳ ವಿಷಯದಲ್ಲಿ ಮರೆಯುತ್ತೇವೆ. ಮಗನೆಂಬ ಜೀವ ನನ್ನ ಅಂಶವಲ್ಲ, ನನ್ನ ಮುಂದುವರಿಕೆಯಲ್ಲ. ಅದಕ್ಕೆ ಅನಾದಿಯಾದ ತನ್ನದೇ ಸ್ವರೂಪವುಂಟು, ತನ್ನದೇ ಯೋಗ್ಯತೆಯುಂಟು, ತನ್ನದೇ ಬಿಂಬರೂಪಿ ಭಗವಂತನುಂಟು. ತಂದೆತಾಯಿಗಳು ಅದಕ್ಕೆ ಕೆಲವು ವರ್ಷಗಳ ಮಟ್ಟಿಗೆ ನೇಮಕಗೊಂಡ ರಕ್ಷಕರು ಅಷ್ಟೆ. ಸ್ವಂತ ಹಣವನ್ನು ಜೂಜಿಗೆ ಒಡ್ಡುವವನು ಮೂರ್ಖನೆನಿಸಿಕೊಳ್ಳುತ್ತಾನೆ. ಪರರು ನಂಬಿ ಒಪ್ಪಿಸಿದ ನಿಕ್ಷೇಪವನ್ನು ಒಡ್ಡುವವನಿಗೆ ಬೇರೆಯೇ ಹೆಸರಿದೆ.

ಹಾಗಾದರೆ ಹೋಗಕೂಡದೇ? ಒಂದು ವರ್ಷಕಾಲ ನಾನು ಹಾಗೆಯೇ ತಿಳಿದಿದ್ದೆ. ಈಗ ನನಗೆ ಕಾಣುವ ದೋಷವೆಂದರೆ, ಇಲ್ಲಿಯೇ ಉಳಿಯುವುದೂ ಮಗುವಿನ ಮೇಲೆ ಅದನ್ನು ಕೇಳದೆ ಹೇರಿದ ನಿರ್ಧಾರವೇ ಆಗಿರುತ್ತದೆ. ನನ್ನ ಮಗ ಪುಣೆಯಲ್ಲಿ ಹುಟ್ಟಿ, ಶಾಲೆಯಲ್ಲಿ ಮರಾಠಿ ಕಲಿತು, ಧಾರವಾಡದ ಮಳೆಯನ್ನು ರಜೆಯಲ್ಲಿ ಮಾತ್ರ ಕಂಡವನು. ಅವನನ್ನು ಯಾರು ಕೇಳಿದ್ದರು? ಯಾವ ನಿರ್ಧಾರವೂ ನಮ್ಮ ಕೈಯಲ್ಲಿದ್ದ ನಿಕ್ಷೇಪವನ್ನು ಮುಟ್ಟದೆ ಬಿಡುವುದಿಲ್ಲ. ಆದುದರಿಂದ "ಹೋಗುವ ಹಕ್ಕಿದೆಯೇ" ಎಂದು ಕೇಳುವುದಕ್ಕಿಂತ, "ರಕ್ಷಕನು ಮಾಡಬೇಕಾದುದೆಲ್ಲವನ್ನೂ ಮಾಡಿದ್ದಾನೆಯೇ" ಎಂದು ಕೇಳುವುದು ಹೆಚ್ಚು ಸಮಂಜಸ. ಈ ಎರಡನೆಯ ಪ್ರಶ್ನೆಗೆ ಉತ್ತರ ಹೇಳಲು ಊರಿನ ವಿವರಗಳು ತಿಳಿದಿರಬೇಕು. ಸಂಬಳದ ಅಂಕಿ, ಬಾಡಿಗೆ ಮನೆಯ ಚಿತ್ರ ಇಷ್ಟನ್ನೇ ನೋಡಿ ಹೊರಡುವವರು ಆ ಪ್ರಶ್ನೆಯನ್ನು ಕೇಳಿಯೇ ಇರುವುದಿಲ್ಲ.

ಮೊಂಬಾಸಾ ಭೂಮಧ್ಯರೇಖೆಯಿಂದ ನಾಲ್ಕೇ ಅಂಶ ದಕ್ಷಿಣಕ್ಕಿರುವ ದ್ವೀಪನಗರ. ರಾಜಧಾನಿಯಾದ ನೈರೋಬಿ ಸಮುದ್ರಮಟ್ಟಕ್ಕಿಂತ ಸುಮಾರು 1,700 ಮೀಟರ್ ಎತ್ತರದಲ್ಲಿ ತಂಪಾಗಿರುವುದರಿಂದ ಅಲ್ಲಿ ಮಲೇರಿಯಾ ವಿರಳ. ಕರಾವಳಿಯಲ್ಲಿ ಅದು ವರ್ಷವಿಡೀ ಇರುವ ರೋಗ. ಐದು ವರ್ಷದೊಳಗಿನ ಮಕ್ಕಳಿಗೆ ಅದು ಅತ್ಯಂತ ಘಾತುಕ. ಪಶ್ಚಿಮ ಕೆನ್ಯಾದ ಸರೋವರ ಪ್ರಾಂತದಲ್ಲಿ 2019ರಿಂದ ಮಕ್ಕಳಿಗೆ ಮಲೇರಿಯಾ ಲಸಿಕೆ ಕೊಡತೊಡಗಿದರು; ನನ್ನ ಮೊಮ್ಮಗನಿಗೆ ಅದು ದೊರೆತಿರಲಿಲ್ಲ. ಹೊರಡುವ ಮುನ್ನ ಪೀತಜ್ವರದ ಲಸಿಕೆಯನ್ನು ಹತ್ತು ದಿನ ಮೊದಲೇ ಸರಕಾರ ಮಾನ್ಯಮಾಡಿದ ಕೇಂದ್ರದಲ್ಲಿ ಹಾಕಿಸಿಕೊಳ್ಳಬೇಕು. ಒಂಬತ್ತು ತಿಂಗಳು ತುಂಬದ ಕೂಸಿಗೆ ಸಾಮಾನ್ಯವಾಗಿ ಅದನ್ನು ಹಾಕುವುದಿಲ್ಲ. 2016ರಿಂದ ಅದರ ಪ್ರಮಾಣಪತ್ರ ಜೀವಮಾನ ಪರ್ಯಂತ ಸಲ್ಲುತ್ತದೆ. ಅದಿಲ್ಲದೆ ಅಂಥ ದೇಶದಿಂದ ಭಾರತಕ್ಕೆ ಮರಳಿದವರನ್ನು ಆರು ದಿನಗಳವರೆಗೆ ಪ್ರತ್ಯೇಕವಾಗಿ ಇರಿಸಬಹುದು. ಅರವತ್ತು ದಾಟಿದವರಿಗೆ ಈ ಲಸಿಕೆಯಿಂದಲೇ ಅಪಾಯ ತುಸು ಹೆಚ್ಚಾದುದರಿಂದ ನನಗೆ ಹಾಕುವ ಮುನ್ನ ವೈದ್ಯರು ಬಹಳ ಯೋಚಿಸಿದರು.

2023ರ ನವೆಂಬರಿನಲ್ಲಿ ನಾವಿಬ್ಬರೂ ಮೂರು ತಿಂಗಳ ಮಟ್ಟಿಗೆ ಅಲ್ಲಿಗೆ ಹೋದೆವು. ಕೆನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಚೀಲಗಳಿಗೆ ನಿಷೇಧವಿರುವುದರಿಂದ, ಮನೆಯಾಕೆ ಕಟ್ಟಿದ್ದ ಹುಳಿಪುಡಿ, ಮೆಂತ್ಯದ ಹಿಟ್ಟು, ಹಪ್ಪಳಗಳನ್ನೆಲ್ಲ ಮತ್ತೆ ಬಟ್ಟೆಯ ಚೀಲ, ಸ್ಟೀಲಿನ ಡಬ್ಬಿಗಳಿಗೆ ತುಂಬಿದ್ದಾಯಿತು. ನೈರೋಬಿಯಿಂದ ಮೊಂಬಾಸಾಕ್ಕೆ ಐದಾರು ಗಂಟೆಯ ರೈಲು ಪ್ರಯಾಣ. 2017ರಲ್ಲಿ ಆರಂಭವಾದ ಈ ಹೊಸ ಮಾರ್ಗದ ಹತ್ತಿರದಲ್ಲಿಯೇ ಹಳೆಯ ಮಾರ್ಗವೂ ಇದೆ. 1896ರಿಂದ 1901ರವರೆಗೆ ಅದನ್ನು ಹಾಕಲು ಭಾರತದಿಂದ ಸುಮಾರು 32,000 ಕೂಲಿಗಳನ್ನು ತರಿಸಿದ್ದರು. ಸುಮಾರು 2,500 ಜನ ಅಲ್ಲಿಯೇ ಸತ್ತರು. 1898ರಲ್ಲಿ ತ್ಸಾವೋ ಸೇತುವೆಯ ಕೆಲಸಗಾರರನ್ನು ಎರಡು ಸಿಂಹಗಳು ತಿಂಗಳುಗಟ್ಟಲೆ ಬೇಟೆಯಾಡಿದವು. ಮೊಮ್ಮಗಳು ಕಿಟಕಿಯಿಂದ ಆನೆಗಳನ್ನು ಎಣಿಸುತ್ತಿದ್ದಳು. ನಾನು ಆ ಕೂಲಿಗಳನ್ನು ನೆನೆಯುತ್ತಿದ್ದೆ. ಅವರಿಗೆ ಸಂಬಳದ ಹೊರತು ಬೇರೆ ಯಾವ ವಾದವೂ ಇರಲಿಲ್ಲ. ವಿದೇಶವೆಂದರೆ ನಮ್ಮ ಕಾಲದ ಹೊಸ ಮೋಹವೆಂದು ತಿಳಿಯುವವರಿಗಾಗಿ ಈ ಮಾತನ್ನು ಬರೆದೆ.

ಊರಿನಲ್ಲಿ ನನಗೆ ಪರಕೀಯವೆನಿಸಿದ್ದು ನಾನೆಣಿಸಿದ್ದಕ್ಕಿಂತ ಕಡಿಮೆ. ತೆಂಗು, ಮಾವು, ಹಲಸು, ಹುಣಿಸೆ ಎಲ್ಲವೂ ಉಂಟು. ಬೇವಿನ ಮರಕ್ಕೆ ಅಲ್ಲಿಯವರು 'ಮ್ವಾರೊಬೈನಿ' ಎನ್ನುತ್ತಾರೆ. ನಲವತ್ತು ರೋಗಗಳನ್ನು ಕಳೆಯುವುದು ಎಂದರ್ಥ. ತೊಗರಿಕಾಳನ್ನು ತೆಂಗಿನಹಾಲಿನಲ್ಲಿ ಬೇಯಿಸಿ ಬೆಳಗಿನ ಉಪಾಹಾರಕ್ಕೆ ತಿನ್ನುತ್ತಾರೆ. ಗುಜರಾತಿಗಳು ತಲೆತಲಾಂತರದಿಂದ ನೆಲೆಸಿರುವುದರಿಂದ ದೇವಾಲಯಗಳಿವೆ, ಬೇಳೆಕಾಳುಗಳಿಗೆ ಕೊರತೆಯಿಲ್ಲ; ತುಳಸಿಯ ಸಸಿಯನ್ನು ಸೊಸೆಗೆ ಕೊಟ್ಟವರೂ ಅಂಥ ನೆರೆಮನೆಯವರೇ. ಸ್ವಾಹಿಲಿ ಭಾಷೆಯ ಗಡಿಯಾರವಂತೂ ನನಗೆ ಬಹಳ ಹಿಡಿಸಿತು. ನಮ್ಮ ಬೆಳಗಿನ ಏಳು ಗಂಟೆ ಅವರಿಗೆ ಒಂದು ಗಂಟೆ. ಭೂಮಧ್ಯರೇಖೆಯ ಬಳಿ ಸೂರ್ಯನು ವರ್ಷವಿಡೀ ಹೆಚ್ಚುಕಡಿಮೆ ಆರಕ್ಕೇ ಹುಟ್ಟುವುದರಿಂದ ಹಗಲಿನ ಗಂಟೆಗಳನ್ನು ಸೂರ್ಯೋದಯದಿಂದ ಎಣಿಸುತ್ತಾರೆ, ನಮ್ಮ ಪಂಚಾಂಗದವರು ಗಳಿಗೆಗಳನ್ನು ಎಣಿಸುವ ಹಾಗೆ. ಉಡುಪಿಯಲ್ಲಿ ಕಡಲೊಳಗೆ ಮುಳುಗುವ ಸೂರ್ಯ ಅಲ್ಲಿ ಕಡಲಿನಿಂದ ಏಳುತ್ತಾನೆ. ಬೆಳಿಗ್ಗೆ ಸಂಧ್ಯಾವಂದನೆಗೆ ಪೂರ್ವಾಭಿಮುಖವಾಗಿ ನಿಂತ ಮಗನ ಎದುರಿಗೆ ನೀರು, ನೀರಿನಾಚೆ ನಾವು.

ಏಕಾದಶಿಯ ವಿಷಯವಾಗಿ ಮಗನಿಗೂ ನನಗೂ ಸಣ್ಣ ಜಗಳವಾಯಿತು. ನಾನು ಊರಿನಿಂದ ಒಯ್ದ ಪಂಚಾಂಗದ ದಿನವನ್ನೇ ಹಿಡಿದೆ. ಅವನು ರೇಖಾಂಶದ ಲೆಕ್ಕ ತೆಗೆದ. ಉಡುಪಿಗೂ ಮೊಂಬಾಸಾಕ್ಕೂ ಮೂವತ್ತೈದು ಅಂಶಗಳ ಅಂತರ, ಎಂದರೆ ಎರಡು ಗಂಟೆ ಇಪ್ಪತ್ತು ನಿಮಿಷ, ಸುಮಾರು ಆರು ಗಳಿಗೆ. ಇಲ್ಲಿ ಅರುಣೋದಯಕ್ಕೆ ದಶಮಿಯ ವೇಧವಿದ್ದು ಉಪವಾಸ ಮರುದಿನಕ್ಕೆ ಹೋದಾಗ, ಅಲ್ಲಿಯ ಅರುಣೋದಯದ ಹೊತ್ತಿಗೆ ದಶಮಿ ಕಳೆದುಹೋಗಿರಬಹುದು. ಆಗ ಅಲ್ಲಿ ಒಂದು ದಿನ ಮೊದಲೇ ಉಪವಾಸ. ಶ್ರೀಮದಾಚಾರ್ಯರು ಕೃಷ್ಣಾಮೃತಮಹಾರ್ಣವದಲ್ಲಿ ಅಷ್ಟೊಂದು ಆಗ್ರಹದಿಂದ ಹೇಳಿದ ವ್ರತವನ್ನು ಸ್ಥಳೀಯ ಸೂರ್ಯನನ್ನು ನೋಡಿ ಆಚರಿಸಬೇಕೇ ಹೊರತು ಧಾರವಾಡದ ಗೋಡೆಗೆ ತೂಗುಹಾಕಿದ ಹಾಳೆಯನ್ನು ನೋಡಿ ಅಲ್ಲವೆಂದು ಕೊನೆಗೆ ಒಪ್ಪಿದೆ. ನನ್ನ ಹತ್ತಿರ ಎಂದೂ ಪಂಚಾಂಗ ಕೇಳದಿದ್ದ ಮಗ ಪರದೇಶದಲ್ಲಿ ಅದನ್ನು ಗಣಿತದೊಡನೆ ಕಲಿತಿದ್ದ. (ಸಂಕಲ್ಪದಲ್ಲಿ ಗೋದಾವರಿಯ ದಕ್ಷಿಣ ತೀರವೆಂದು ದಿಲ್ಲಿಯಲ್ಲಿ ಕುಳಿತು ಹೇಳುವ ನಮ್ಮ ಬಂಧುಗಳೂ ಇದನ್ನು ಸ್ವಲ್ಪ ಯೋಚಿಸಬಹುದು.)

ಈಗ ಹೇಳಲು ಕಷ್ಟವಾಗುವ ಭಾಗಕ್ಕೆ ಬರುತ್ತೇನೆ. ಮಕ್ಕಳನ್ನು ನೋಡಿಕೊಳ್ಳಲು ಮನೆಯಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಅಲ್ಲಿ ಇಂಥವರನ್ನು 'ಯಾಯಾ' ಎನ್ನುತ್ತಾರೆ. ಗಿರಿಯಾಮಾ ಎಂಬ ಕರಾವಳಿಯ ಜನಾಂಗದವಳು. ಇವರ ಕುಲದವರು ತಮ್ಮ ಹಿರಿಯರ ಕಾಡುಗಳನ್ನು 'ಕಾಯಾ' ಎಂದು ಕರೆದು, ಮರ ಕಡಿಯದೆ, ನಮ್ಮ ನಾಗಬನಗಳಂತೆ ಕಾಯ್ದುಕೊಂಡು ಬಂದಿದ್ದಾರೆ. 2008ರಲ್ಲಿ ಅವು ವಿಶ್ವಪರಂಪರೆಯ ಪಟ್ಟಿಗೆ ಸೇರಿದವು. ಅವಳು ಅಡಿಗೆಮನೆಯೊಳಗೆ ಬಂದು ಕೂಸಿನ ಹಾಲು ಕಾಯಿಸುವುದನ್ನು ಕಂಡು ನಾನು ಬಂದ ಮೊದಲ ವಾರವೇ ಸೊಸೆಗೆ ಮಡಿಯ ವಿಷಯ ಹೇಳಿದೆ. ಸೊಸೆ ಮಾತನಾಡಲಿಲ್ಲ, ಮರುದಿನದಿಂದ ಹಾಲನ್ನು ತಾನೇ ಕಾಯಿಸತೊಡಗಿದಳು. ಯಾಯಾ ಬಾಗಿಲ ಹೊರಗೆ ನಿಂತು ಕಾಯುತ್ತಿದ್ದಳು.

ಆ ವರ್ಷದ ಕೊನೆಯ ತಿಂಗಳುಗಳಲ್ಲಿ ಕೆನ್ಯಾದಲ್ಲಿ ಅತಿವೃಷ್ಟಿ. ಮೊಂಬಾಸಾದ ಬೀದಿಗಳಲ್ಲಿ ನೀರು ನಿಂತಿತು. ಡಿಸೆಂಬರಿನಲ್ಲಿ, ಧನುರ್ಮಾಸದ ಪೂಜೆಗೆಂದು ಬೆಳಗಿನ ಜಾವ ಹುಗ್ಗಿ ಮಾಡುತ್ತಿದ್ದ ದಿನಗಳಲ್ಲಿ (ಅಲ್ಲಿ ಧನುರ್ಮಾಸವೆಂದರೆ ಬೆವರು ಸುರಿಯುವ ಬೇಸಿಗೆ), ಒಂದು ಸಂಜೆ ಮೊಮ್ಮಗನಿಗೆ ಜ್ವರ ಬಂದಿತು. ಮಗ ಕೆಲಸದಿಂದ ಬಂದಿರಲಿಲ್ಲ. ಮನೆಯ ಹಿರಿಯನೆಂಬ ಗತ್ತಿನಿಂದ ನಾನು, "ಮಳಿಯಾಗ ಆಡ್ಯಾನ, ಶೀತದ ಜ್ವರ. ಶುಂಠಿ ಕಷಾಯ ಕೊಡ್ರಿ, ಮುಂಜಾನಿ ನೋಡೂಣು" ಎಂದೆ. ಸೊಸೆ ಸುಮ್ಮನಾದಳು. ಯಾಯಾ ಸುಮ್ಮನಾಗಲಿಲ್ಲ. ಹುಡುಗನ ಕೈಕಾಲು ಮುಟ್ಟಿ ನೋಡಿ, 'ಡಾಮು, ಡಾಮು' ಎಂದಳು. ರಕ್ತಪರೀಕ್ಷೆ ಈಗಲೇ ಆಗಬೇಕೆಂದು ಅವಳ ಅಭಿಪ್ರಾಯ. ನಾನು ಬೇಡವೆಂದು ಕೈಯಾಡಿಸಿದೆ. ಅವಳು ನನ್ನ ಮುಖವನ್ನೂ ನೋಡದೆ ಕೂಸನ್ನು ಹೆಗಲಿಗೆ ಹಾಕಿಕೊಂಡು ಬಾಗಿಲಿಗೆ ಹೋಗಿ ನಿಂತಳು. ಸೊಸೆ ಚಪ್ಪಲಿ ಮೆಟ್ಟಿದಳು.

ಒಂದು ಗಂಟೆಯೊಳಗೆ ಫಲಿತಾಂಶ ಬಂದಿತು: ಫಾಲ್ಸಿಪಾರಂ ಮಲೇರಿಯಾ. ಮೂರು ದಿನಗಳಲ್ಲಿ ಆರು ಬಾರಿ ಕೊಡಬೇಕಾದ ಗುಳಿಗೆ. ಹಾಲಿನಂಥ ಜಿಡ್ಡಿನ ಪದಾರ್ಥದೊಡನೆ ಕೊಟ್ಟರೆ ಅದು ಚೆನ್ನಾಗಿ ಹತ್ತುತ್ತದೆ. ಆ ರಾತ್ರಿ ಹಾಲು ಕಾಯಿಸಿದವಳು ಯಾಯಾ. ಅಡಿಗೆಮನೆಯೊಳಗೇ. ನಾನು ದೇವರ ಕೋಣೆಯಲ್ಲಿ ಕುಳಿತು ವಾಯುಸ್ತುತಿಯ ಪಾರಾಯಣಕ್ಕೆ ತೊಡಗಿದೆ. ಮಧ್ಯದಲ್ಲಿ ಎರಡು ಸಲ ತಪ್ಪಿತು. ಈ ಜಾತಿಯ ಮಲೇರಿಯಾದಲ್ಲಿ ಚಿಕ್ಕ ಮಕ್ಕಳಿಗೆ ಒಂದು ದಿನದ ವಿಳಂಬವೂ ಪ್ರಾಣಾಂತಿಕವಾಗಬಹುದೆಂದು ವೈದ್ಯರು ಮರುದಿನ ಹೇಳಿದರು. ಹುಡುಗ ನಾಲ್ಕು ದಿನಗಳಲ್ಲಿ ಚೇತರಿಸಿಕೊಂಡ. "ಮುಂಜಾನಿ ನೋಡೂಣು" ಎಂಬ ನನ್ನ ಮಾತು ಮಾತ್ರ ಇನ್ನೂ ನನ್ನ ಕಿವಿಯಲ್ಲಿದೆ.

ಮಡಿಯನ್ನು ನಾನು ತ್ಯಜಿಸಿದೆನೆಂದು ಯಾರೂ ಭಾವಿಸಬಾರದು. ದೇವರ ನೈವೇದ್ಯದ ಅಡಿಗೆ ಇಂದಿಗೂ ನಮ್ಮ ಮನೆಯಲ್ಲಿ ಮಡಿಯಿಂದಲೇ ಆಗುತ್ತದೆ; ಸದಾಚಾರಸ್ಮೃತಿಯ ಮೇಲಿನ ನನ್ನ ಶ್ರದ್ಧೆ ಕುಂದಿಲ್ಲ. ಆದರೆ ಕೂಸಿನ ಹಾಲಿಗೂ ದೇವರ ನೈವೇದ್ಯಕ್ಕೂ ಇರುವ ಅಂತರವನ್ನು ನಾನು ಮರೆತಿದ್ದೆ. ಆಚಾರ ದೇವರ ಮುಂದೆ ನಮ್ಮನ್ನು ಶುದ್ಧರನ್ನಾಗಿಸಲು ಇರುವುದು. ಅದನ್ನು ಕೆಲಸದವಳ ಮುಂದೆ ದೊಡ್ಡವನಾಗಲು ನಾನು ಬಳಸಿದ್ದೆ. ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿಯನ್ನು ಆಮೇಲೆ ಸೊಸೆಯಿಂದ ತಿಳಿದೆ. ಯಾಯಾಳಿಗೂ ಇಬ್ಬರು ಮಕ್ಕಳು. ಕಿಲಿಫಿ ಜಿಲ್ಲೆಯ ಒಳನಾಡಿನ ಹಳ್ಳಿಯಲ್ಲಿ ತನ್ನ ತಾಯಿಯ ಬಳಿ ಅವರನ್ನು ಬಿಟ್ಟು, ತಿಂಗಳಿಗೊಮ್ಮೆ ಹೋಗಿಬರುತ್ತಾಳೆ. ನಮ್ಮ ಮಕ್ಕಳು ನಮ್ಮ ಹತ್ತಿರವಿರಲಿಲ್ಲವೆಂದು ನಾನು ಕೊರಗುತ್ತಿದ್ದೆ. ಅವಳ ಮಕ್ಕಳು ಅವಳ ಹತ್ತಿರವಿಲ್ಲದೆ ಇರುವುದರಿಂದಲೇ ನಮ್ಮ ಮೊಮ್ಮಕ್ಕಳಿಗೆ ಆರೈಕೆ ದೊರೆಯುತ್ತಿತ್ತು. ಪರದೇಶಕ್ಕೆ ಹೋಗುವುದು ಸರಿಯೇ ಎಂದು ಕೇಳುವಾಗ ನಾವು ನಮ್ಮ ಮಕ್ಕಳನ್ನು, ನಮ್ಮ ಮುದುಕರನ್ನು ಲೆಕ್ಕಕ್ಕೆ ಹಿಡಿಯುತ್ತೇವೆ. ಆ ಊರಿನವರು ಲೆಕ್ಕಕ್ಕೆ ಬರುವುದಿಲ್ಲ. 1972ರಲ್ಲಿ ಉಗಾಂಡಾದಿಂದ ಏಷ್ಯಾದವರನ್ನು ತೊಂಬತ್ತು ದಿನಗಳಲ್ಲಿ ಹೊರಗಟ್ಟಿದ್ದು ಘೋರ ಅನ್ಯಾಯ. ಅನ್ಯಾಯವೆನ್ನುತ್ತಲೇ, ನೆರೆಯವರೊಡನೆ ಅಂಗಡಿಯ ಕಟ್ಟೆಯಾಚೆ ಬೇರೆ ಸಂಬಂಧವನ್ನಿಟ್ಟುಕೊಳ್ಳದೆ ಬದುಕಿದವರು ಅಂಥ ಹೊತ್ತಿನಲ್ಲಿ ಎಷ್ಟು ಒಂಟಿಗಳಾಗುತ್ತಾರೆಂಬುದನ್ನೂ ನೆನೆಯಬೇಕು. ಕೆನ್ಯಾ 2017ರಲ್ಲಿ ಭಾರತೀಯ ಮೂಲದ ತನ್ನ ಪ್ರಜೆಗಳನ್ನು ದೇಶದ ನಲವತ್ತನಾಲ್ಕನೆಯ ಬುಡಕಟ್ಟೆಂದು ಅಂಗೀಕರಿಸಿತು. ಅಂಗೀಕಾರಕ್ಕೆ ಯೋಗ್ಯರಾಗಿ ನಡೆಯುವ ಭಾರ ಹೋದವರದು. ಮಗನಿಗೆ ನಾನು ಹೇಳಿ ಮಾಡಿಸಿದ್ದು ಇಷ್ಟು: ಯಾಯಾಳ ಮಕ್ಕಳ ಶಾಲೆಯ ಶುಲ್ಕ, ವರ್ಷಕ್ಕೊಂದು ತಿಂಗಳ ಸಂಬಳಸಹಿತ ರಜೆ. ಇದನ್ನು ದಾನವೆಂದು ಅವನು ಬರೆದಿಟ್ಟಿದ್ದ. ಸಾಲದ ತೀರುವಳಿಯೆಂದು ತಿದ್ದಿಸಿದೆ.

ಮನೆಯಲ್ಲಿ ಉಳಿದ ಮುದುಕರ ವಿಷಯ. ಸುಮಧ್ವವಿಜಯದಲ್ಲಿ ಒಂದು ಪ್ರಸಂಗವಿದೆ. ವಾಸುದೇವನು ಸಂನ್ಯಾಸಕ್ಕೆ ಹೊರಟಾಗ ತಂದೆ ಮಧ್ಯಗೇಹ ಭಟ್ಟರು ಬೆನ್ನುಹತ್ತಿ ಬಂದು ತಡೆಯುತ್ತಾರೆ. ಮಗನು ಅವರ ಶೋಕವನ್ನು ಅಜ್ಞಾನವೆಂದು ತಳ್ಳಿಹಾಕಲಿಲ್ಲ. ಅವರ ವೃದ್ಧಾಪ್ಯಕ್ಕೆ ಆಸರೆಯಾಗಿ ಇನ್ನೊಬ್ಬ ಮಗ ಹುಟ್ಟುವವರೆಗೆ ಕಾದು, ಅನಂತರವೇ ಆಶ್ರಮ ಸ್ವೀಕರಿಸಿದನು. ಜಗದ್ಗುರುಗಳಾಗಲು ಹೊರಟವರೇ ಹಿಂದೆ ಯಾರಿದ್ದಾರೆಂದು ನೋಡಿ ಹೊರಟಿರುವಾಗ, ಡಾಲರು-ಶಿಲ್ಲಿಂಗುಗಳಿಗಾಗಿ ಹೊರಡುವವರು ನೋಡದೆ ಹೋಗಬಹುದೇ? ನಮ್ಮ ಮನೆಯಲ್ಲಿ ನೋಡಲಿಲ್ಲವೆಂದೇ ಹೇಳಬೇಕು. 2024ರಲ್ಲಿ ನನ್ನ ಸೊಂಟದ ಶಸ್ತ್ರಚಿಕಿತ್ಸೆಯಾದಾಗ ಮಗನು ಹಣ ಕಳುಹಿಸಿದ. ಹತ್ತು ದಿನ ಬಂದೂ ಹೋದ. ಮೂರು ತಿಂಗಳು ನನ್ನನ್ನು ಎಬ್ಬಿಸಿ ಕೂಡಿಸಿದವಳು ಇದೇ ಊರಿನಲ್ಲಿ ಕೊಟ್ಟ ಮಗಳು, ತನ್ನ ಕೆಲಸ, ತನ್ನ ಮನೆ, ತನ್ನ ಅತ್ತೆಯವರನ್ನೂ ನೋಡಿಕೊಳ್ಳುತ್ತ. ಹೊರಡುವ ಮುನ್ನ ಅಣ್ಣ ಅವಳನ್ನು ಒಂದು ಮಾತು ಕೇಳಿರಲಿಲ್ಲ. ನಾನೂ ಕೇಳಿರಲಿಲ್ಲ. ಮಗನು ಹೋಗುವನೆಂದು ಅತ್ತ ನಾನು, ಮಗಳು ಇರುವಳೆಂಬುದನ್ನು ಮಾತ್ರ ಸೂರ್ಯೋದಯದಂತೆ ಖಚಿತವೆಂದು ಹಿಡಿದಿದ್ದೆ. ಹೊರಡುವವರು ತಂದೆತಾಯಿಗಳ ಆಶೀರ್ವಾದ ಕೇಳುವುದು ವಾಡಿಕೆ. ಉಳಿಯುವ ಒಡಹುಟ್ಟಿದವರ ಒಪ್ಪಿಗೆ ಕೇಳುವುದೂ ವಾಡಿಕೆಯಾಗಬೇಕು. ಈ ವಿಷಯದಲ್ಲಿ ನನ್ನ ಅಭಿಪ್ರಾಯ ಕಠಿಣವಾಗಿದೆ, ಬದಲಾಗುವ ಸಂಭವವಿಲ್ಲ.

ಭಾಷೆಯ ನಷ್ಟವನ್ನೂ ಮರೆಮಾಚಬಾರದು. ಮೊಮ್ಮಗಳು ಕನ್ನಡದಲ್ಲಿ ಮಾತನಾಡುತ್ತಾಳೆ. ಮೊಮ್ಮಗನು ತಿಳಿದುಕೊಳ್ಳುತ್ತಾನೆ, ಉತ್ತರವನ್ನು ಇಂಗ್ಲಿಷಿನಲ್ಲೋ ಸ್ವಾಹಿಲಿಯಲ್ಲೋ ಕೊಡುತ್ತಾನೆ. ಮನೆಯಲ್ಲಿ ಮಾತು ನಿಂತರೆ ದಾಸರ ಪದಗಳು ಅವನಿಗೆ ರಾಗ ಮಾತ್ರವಾಗುತ್ತವೆ. ಇದಕ್ಕೆ ನನ್ನಲ್ಲಿ ಪರಿಹಾರವಿಲ್ಲ, ಪುಣೆಯಲ್ಲಿಯೂ ಇರಲಿಲ್ಲ. ಆದರೂ ಒಂದು ದಿನ ಆ ಹುಡುಗ ಯಾಯಾಳ ತಾಯಿ ಬಂದಾಗ ಓಡಿಹೋಗಿ ಬಗ್ಗಿ 'ಶಿಕಾಮೂ' ಎಂದ. ಅದು ಕರಾವಳಿಯ ಮಕ್ಕಳು ಹಿರಿಯರಿಗೆ ಹೇಳುವ ವಂದನೆ. 'ನಿಮ್ಮ ಕಾಲು ಹಿಡಿಯುತ್ತೇನೆ' ಎಂಬ ಮಾತಿನಿಂದ ಬಂದದ್ದಂತೆ. ಆ ಮುದುಕಿ 'ಮರಹಬಾ' ಎಂದು ಅವನ ತಲೆ ಸವರಿದಳು. ನಾನು ನೋಡುತ್ತಾ ನಿಂತೆ. ನಾವು ಕಲಿಸಬೇಕೆಂದಿದ್ದನ್ನು ಬೇರೆಯವರು ಬೇರೆ ಶಬ್ದದಲ್ಲಿ ಕಲಿಸಿದ್ದರು.

ಆ ತರುಣ ದಂಪತಿಗಳಿಗೆ ಇನ್ನು ನಾನು ಹೇಳುವುದು ಹೀಗೆ. ಹೋಗಿರಿ, ಆದರೆ ಒಬ್ಬರು ಮೊದಲು ಹೋಗಿ ಮನೆ, ಕಿಟಕಿಯ ಜಾಲರಿ, ರಾತ್ರಿ ತೆರೆದಿರುವ ಪ್ರಯೋಗಶಾಲೆ, ಮಕ್ಕಳ ವೈದ್ಯರು ಇಷ್ಟನ್ನು ಕಣ್ಣಾರೆ ನೋಡಿ ಬನ್ನಿರಿ. ಸೊಳ್ಳೆಪರದೆಯನ್ನು ಬಿಟ್ಟು ಒಂದು ರಾತ್ರಿಯೂ ಕೂಸನ್ನು ಮಲಗಿಸಬೇಡಿರಿ. ಜ್ವರ ಬಂದರೆ ಫೋನಿನಲ್ಲಿ ಅಜ್ಜನನ್ನು ಕೇಳಬೇಡಿರಿ; ರಕ್ತಪರೀಕ್ಷೆ ಮಾಡಿಸಿರಿ. ಎಷ್ಟು ವರ್ಷವೆಂದು ಈಗಲೇ ಬರೆದಿಟ್ಟು, ಆ ವರ್ಷ ಬಂದಾಗ ಮತ್ತೆ ಕುಳಿತು ಯೋಚಿಸಿರಿ, ಮಕ್ಕಳನ್ನೂ ಕೂಡಿಸಿಕೊಂಡು. ಆಗ ಅವರು ಮಾತನಾಡಬಲ್ಲವರಾಗಿರುತ್ತಾರೆ. ನನ್ನ ಮಗ 2025ರಲ್ಲಿ ಕರಾರನ್ನು ಮುಂದುವರಿಸುವ ಮುನ್ನ ಎಂಟು ವರ್ಷದ ಮಗಳನ್ನು ಕೇಳಿದನಂತೆ. ಅವಳು ಎರಡು ದಿನ ಸಮಯ ಕೇಳಿ, ಆಮೇಲೆ ಇರೋಣವೆಂದಳಂತೆ. ಕಾರಣ ಹೇಳಲಿಲ್ಲವಂತೆ.

2027ಕ್ಕೆ ಮೊಮ್ಮಗನಿಗೆ ಗರ್ಭಾಷ್ಟಮ. ಮುಂಜಿವಿಯನ್ನು ಇಲ್ಲಿ ನಮ್ಮ ಮಠದಲ್ಲಿಯೇ ಮಾಡಬೇಕೆಂದು ಮಗ ತಿಳಿಸಿದ್ದಾನೆ. ಅಲ್ಲಿಯ ಶಾಲೆಗೆ ಏಪ್ರಿಲ್, ಆಗಸ್ಟ್, ಡಿಸೆಂಬರುಗಳಲ್ಲಿ ರಜೆ. ಏಪ್ರಿಲಿನ ರಜೆಯೊಳಗೆ ಬೀಳುವ ಮುಹೂರ್ತ ಇದೆಯೇ ಎಂದು ಪುರೋಹಿತರನ್ನು ಕೇಳಿದ್ದೇನೆ. ಚೈತ್ರ-ವೈಶಾಖಗಳ ಪಟ್ಟಿ ಮಾಡಿಕೊಡುವುದಾಗಿ ಹೇಳಿದ್ದಾರೆ. ಮಗಳನ್ನೂ ಕೇಳಿದೆ, ಅವಳಿಗೆ ಯಾವ ವಾರ ಅನುಕೂಲವೆಂದು.